ಮ್ಯಾಡಿಸನ್‌ನಿಂದ ಅಪ್ಪಾಜಿಯವರಿಗೆ: ಜಿಂಕೆಯ ಪಾಠ, ಆನೆಯ ಪ್ರಶ್ನೆ

ಮ್ಯಾಡಿಸನ್, ವಿಸ್ಕಾನ್ಸಿನ್
ನವೆಂಬರ್ ಕೊನೆಯ ವಾರ

ತೀರ್ಥರೂಪರಾದ ಅಪ್ಪಾಜಿಯವರಿಗೂ ಮಾತೃಶ್ರೀಯವರಿಗೂ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಬರೆಯುತ್ತಿರಬೇಕು.

ಹೋದ ವಾರ ಫೋನಿನಲ್ಲಿ ಮಾತನಾಡುವಾಗ, "ಪ್ರಾಣಿಗಳ ವಿಷಯ ಓದುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇ, ನಮ್ಮ ತೋಟದಲ್ಲೇ ಆನೆಗಳು ಓಡಾಡುತ್ತಿವೆಯಲ್ಲ" ಎಂದು ಕೇಳಿದಿರಿ. ನಾನು ಆಗ ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆನಿಸಿ ಈ ಕಾಗದ ಬರೆಯುತ್ತಿದ್ದೇನೆ.

ಈ ಸಲ ನಾನು ತೆಗೆದುಕೊಂಡಿರುವುದು ವನ್ಯಜೀವಿ ಜೀವಶಾಸ್ತ್ರ ಮತ್ತು ನಿರ್ವಹಣೆಯ ಮೊದಲ ಪಾಠಕ್ರಮ. ಅಮೆರಿಕದಲ್ಲಿ ಈ ವಿಷಯಕ್ಕೆಂದೇ ಪ್ರಾಧ್ಯಾಪಕರ ಹುದ್ದೆ ಮೊದಲು ಹುಟ್ಟಿದ್ದು ಇದೇ ಊರಿನ ವಿಶ್ವವಿದ್ಯಾಲಯದಲ್ಲಿ, 1933ರಲ್ಲಿ. ಅದನ್ನು ವಹಿಸಿಕೊಂಡವರು ಅರಣ್ಯಾಧಿಕಾರಿಯಾಗಿದ್ದ ಆಲ್ಡೊ ಲಿಯೊಪೋಲ್ಡ್. ಅವರ ಕಾಲದಲ್ಲಿ ಈ ಶಾಸ್ತ್ರದ ಗುರಿ ಬಹುಮಟ್ಟಿಗೆ ಬೇಟೆಯ ಪ್ರಾಣಿಗಳನ್ನು ಬೆಳೆಸುವುದೇ ಆಗಿತ್ತು; ಬೇಟೆಯೇ ನಿಷಿದ್ಧವಾದ ದೇಶದಿಂದ ಬಂದ ನನಗೆ ಮೊದಲ ವಾರದಲ್ಲೇ ಇದು ವಿಚಿತ್ರವೆನಿಸಿತು. ಇನ್ನೂ ವಿಚಿತ್ರವೆನಿಸಿದ್ದು ಹಣದ ಲೆಕ್ಕ. 1937ರ ಒಂದು ಕಾನೂನಿನ ಪ್ರಕಾರ ಇಲ್ಲಿ ಮಾರಾಟವಾಗುವ ಕೋವಿ, ತೋಟಾಗಳ ಮೇಲೆ ಶೇಕಡಾ 11ರಷ್ಟು ತೆರಿಗೆ ಬೀಳುತ್ತದೆ, ಆ ಹಣ ವನ್ಯಜೀವಿಗಳ ಕೆಲಸಕ್ಕೆಂದು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಬೇಟೆಯ ಪರವಾನಗಿಯ ಶುಲ್ಕವನ್ನು ಬೇರೆ ಕೆಲಸಕ್ಕೆ ತಿರುಗಿಸಿದ ರಾಜ್ಯಕ್ಕೆ ಅದರಲ್ಲಿ ಪಾಲಿಲ್ಲ. ಕೊಲ್ಲುವವನ ದುಡ್ಡಿನಲ್ಲಿ ಕಾಯುವ ಈ ಏರ್ಪಾಡು ನನ್ನ ಮನಸ್ಸಿಗೆ ಇನ್ನೂ ಪೂರ್ತಿ ಒಗ್ಗಿಲ್ಲ. ಆದರೆ ಅದು ನಡೆಯುತ್ತಿದೆ ಎಂಬುದನ್ನು ಅಲ್ಲಗಳೆಯಲಾರೆ. ತಾತ ಇದ್ದಿದ್ದರೆ ತಮ್ಮ ಹಳೆಯ ಬೇಟೆಯ ಕಥೆಗಳಿಗೆಲ್ಲ ಶಾಸ್ತ್ರದ ಬೆಂಬಲ ಸಿಕ್ಕಿತೆಂದು ಹಿಗ್ಗುತ್ತಿದ್ದರು!

ಕಾಡಿನ ಪ್ರಾಣಿಗಳನ್ನು ಎಣಿಸುವ ಪಾಠ ನನಗೆ ಬಹಳ ಹಿಡಿಸಿತು. ಪ್ರಯೋಗಾಲಯದಲ್ಲಿ ಒಂದು ಜಾಡಿಯ ತುಂಬ ಕಾಳು ಕೊಟ್ಟು, ಒಂದೊಂದಾಗಿ ಎಣಿಸದೆ ಎಷ್ಟಿವೆ ಹೇಳಿ ಎನ್ನುತ್ತಾರೆ. ಐವತ್ತು ಕಾಳುಗಳನ್ನು ತೆಗೆದು ಬಣ್ಣ ಹಚ್ಚಿ, ವಾಪಸು ಹಾಕಿ ಚೆನ್ನಾಗಿ ಕಲೆಸಿ, ಮತ್ತೆ ಅರವತ್ತನ್ನು ತೆಗೆದಾಗ ಅದರಲ್ಲಿ ಬಣ್ಣದವು ಹತ್ತು ಬಂದರೆ, ಜಾಡಿಯಲ್ಲಿ ಆರಕ್ಕೊಂದು ಬಣ್ಣದ್ದು ಎಂದಾಯಿತು. ಅಂದರೆ ಒಟ್ಟು ಸುಮಾರು ಮುನ್ನೂರು. ಪ್ರಾಣಿಗಳು ಕಾಳಿನಂತೆ ಸುಮ್ಮನಿರುವುದಿಲ್ಲ ಎಂಬಲ್ಲಿಂದ ತೊಂದರೆ ಶುರುವಾಗುತ್ತದೆ. ಒಮ್ಮೆ ಬೋನಿಗೆ ಬಿದ್ದು ಹೆದರಿದ ಪ್ರಾಣಿ ಮತ್ತೆ ಅದರ ಹತ್ತಿರ ಸುಳಿಯದಿದ್ದರೆ ಗುರುತಿನವು ಕಡಿಮೆ ಸಿಕ್ಕು ಲೆಕ್ಕ ಹಿಗ್ಗುತ್ತದೆ; ಬೋನಿನ ತಿಂಡಿಯ ರುಚಿ ಕಂಡ ಇಲಿ ದಿನವೂ ಬಂದು ಬಿದ್ದರೆ ಲೆಕ್ಕ ಕುಗ್ಗುತ್ತದೆ.

ಇದೇ ಪಾಠದ ನಡುವೆ ನಮ್ಮ ನಾಗರಹೊಳೆಯ ಹೆಸರು ಬಂದಿತು. ಹುಲಿಯ ಮೈಮೇಲಿನ ಪಟ್ಟೆಗಳು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲವಾದ್ದರಿಂದ ಅದಕ್ಕೆ ಬಣ್ಣ ಹಚ್ಚುವ ಅಗತ್ಯವಿಲ್ಲ, ದಾರಿಯಲ್ಲಿ ಕ್ಯಾಮೆರಾ ಇಟ್ಟು ಫೋಟೋ ಹಿಡಿದರೆ ಅದೇ ಗುರುತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಈ ವಿಧಾನವನ್ನು ಹುಲಿಗಳಿಗೆ ಅನ್ವಯಿಸಿದರು. ಲೆಕ್ಕಾಚಾರದ ಭಾಗದಲ್ಲಿ ಅವರ ಜೊತೆಗಿದ್ದವರು ಅಮೆರಿಕದ ಜೇಮ್ಸ್ ನಿಕೋಲ್ಸ್. ಹೆಜ್ಜೆ ಗುರುತು ನೋಡಿ ಹುಲಿ ಎಣಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬಹಳ ದಿನ ನಡೆಯಿತು. ರಾಜಸ್ಥಾನದ ಸರಿಸ್ಕಾ ಹುಲಿ ಅಭಯಾರಣ್ಯದಲ್ಲಿ ಒಂದೂ ಹುಲಿ ಉಳಿದಿಲ್ಲವೆಂದು 2005ರ ಸುಮಾರಿಗೆ ಬಯಲಾದ ಮೇಲೆ ಅದನ್ನು ಬಿಟ್ಟರು.

ಈಗ ಇಲ್ಲಿ ಜಿಂಕೆ ಬೇಟೆಯ ಒಂಬತ್ತು ದಿನಗಳು ನಡೆಯುತ್ತಿವೆ. ಪಶ್ಚಿಮದ ಹಳ್ಳಿಗಳ ಕಡೆಗೆ ಹೋದರೆ, ಒಬ್ಬರ ಗುಂಡು ಇನ್ನೊಬ್ಬರಿಗೆ ತಾಗದಿರಲೆಂದು ಕಣ್ಣು ಕೋರೈಸುವ ಕಿತ್ತಳೆ ಬಣ್ಣದ ಅಂಗಿ ತೊಟ್ಟವರೇ ಕಾಣುತ್ತಾರೆ. ಜಿಂಕೆ ಅತಿಯಾದ ಕಾಡಿನಲ್ಲಿ ಎಳೆಯ ಸಸಿಗಳು ಮೇಲೇಳುವುದೇ ಇಲ್ಲ. ಬೇಲಿ ಹಾಕಿ ಜಿಂಕೆಯನ್ನು ಹೊರಗಿಟ್ಟ ತುಂಡಿಗೂ ಬೇಲಿಯಾಚೆಯ ತುಂಡಿಗೂ ಇರುವ ವ್ಯತ್ಯಾಸವನ್ನು ನೋಡಿಯೇ ತಿಳಿಯಬೇಕು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದರಿಂದ ಗಂಡುಗಳನ್ನು ಎಷ್ಟು ಹೊಡೆದರೂ ಹಿಂಡು ಇಳಿಯುವುದಿಲ್ಲ, ಹೆಣ್ಣುಗಳ ಸಂಖ್ಯೆ ಇಳಿಯಬೇಕು. 1943ರಲ್ಲಿ ಲಿಯೊಪೋಲ್ಡ್ ಇದನ್ನೇ ಹೇಳಿ ಹೆಣ್ಣು ಜಿಂಕೆಯ ಬೇಟೆಯನ್ನು ಬೆಂಬಲಿಸಿದಾಗ ರಾಜ್ಯದ ಜನ ಅವರ ಮೇಲೆ ಮುಗಿಬಿದ್ದರು. ಜೀವಶಾಸ್ತ್ರ ಸರಿಯಾಗಿತ್ತು, ಊರು ಒಪ್ಪಲಿಲ್ಲ.

ಅದೇ ಕಥೆ 2002ರಲ್ಲಿ ಮತ್ತೆ ನಡೆಯಿತು. ಜಿಂಕೆಯ ಮೆದುಳನ್ನು ಕೆಡಿಸಿ, ಸೊರಗಿಸಿ ಕೊಲ್ಲುವ ಒಂದು ರೋಗ ಈ ಊರಿನ ಪಶ್ಚಿಮಕ್ಕೆ ಪತ್ತೆಯಾಯಿತು. ಅದಕ್ಕೆ ಔಷಧವಿಲ್ಲ, ರೋಗಕಾರಕ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆ ಪ್ರದೇಶದ ಜಿಂಕೆಗಳನ್ನೇ ಇಲ್ಲವಾಗಿಸಲು ಸರ್ಕಾರ ಹೊರಟಿತು. ಜಮೀನಿನ ಒಡೆಯರಲ್ಲಿ ಅನೇಕರು ಸಹಕರಿಸಲಿಲ್ಲ, ಯೋಜನೆಯನ್ನು ಕೈಬಿಡಬೇಕಾಯಿತು, ರೋಗ ಹರಡುತ್ತಲೇ ಇದೆ. ಈಗ ಬೇಟೆಗಾರರು ತಾವಾಗಿಯೇ ಜಿಂಕೆಯ ತಲೆಯನ್ನು ತಂದು ಪರೀಕ್ಷೆಗೆ ಒಪ್ಪಿಸುತ್ತಾರೆ. ಮನುಷ್ಯರಿಗೆ ಈ ರೋಗ ತಗಲಿದ್ದು ದೃಢಪಟ್ಟಿಲ್ಲವಾದರೂ ರೋಗವಿರುವ ಮಾಂಸವನ್ನು ತಿನ್ನಬೇಡಿ ಎಂದೇ ಸಲಹೆ. ನಿರ್ವಹಣೆ ಎಂದು ನಾವು ಓದುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮನುಷ್ಯರದ್ದು ಎಂಬುದು ನನಗೆ ಮನದಟ್ಟಾದದ್ದು ಈ ಪಾಠದಲ್ಲಿ.

ಈಗ ನಿಮ್ಮ ಆನೆಗಳ ವಿಷಯ. ಮೇವು ಮತ್ತು ಮರೆ ಎರಡೂ ಸೇರುವ ಅಂಚಿನಲ್ಲಿ ಪ್ರಾಣಿಗಳು ಹೆಚ್ಚು ಎಂಬುದು ಲಿಯೊಪೋಲ್ಡರ ಹಳೆಯ ಮಾತು. ಅವರು ಅದನ್ನು ಸಣ್ಣ ಬೇಟೆಪ್ರಾಣಿಗಳನ್ನು ನೋಡಿ ಹೇಳಿದ್ದರೂ, ಓದುವಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಸಕಲೇಶಪುರ. ಹಗಲಿಗೆ ಕಾಫಿ ತೋಟದ ನೆರಳು, ಬೇಸಿಗೆಯಲ್ಲೂ ಬತ್ತದ ಕೆರೆ, ಹಲಸಿನ ಹಣ್ಣು, ರಾತ್ರಿಗೆ ಕೆಳಗಿನ ಗದ್ದೆಯ ಭತ್ತ; ಆನೆಗೆ ಇದಕ್ಕಿಂತ ಒಳ್ಳೆಯ ಅಂಚು ಯಾವ ಕಾಡಿನಲ್ಲಿ ಸಿಕ್ಕೀತು? 2014ರಲ್ಲಿ ಆಲೂರು, ಸಕಲೇಶಪುರದ ಕಡೆಯಿಂದ ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಮತ್ತೆ ಆನೆಗಳು ಬಂದದ್ದನ್ನು ನೀವೇ ಕಂಡಿದ್ದೀರಿ. ಜಾಗ ಹಾಗೆಯೇ ಉಳಿದರೆ ಖಾಲಿಯಾದ ಕಡೆಗೆ ಬೇರೆಯವು ಬಂದು ಸೇರುತ್ತವೆ. ಹಾಗೆಂದು ತೋಟ ಕಡಿಯಿರಿ ಎನ್ನುವಷ್ಟು ಓದು ನನ್ನದಲ್ಲ, ನೀವು ಹೆದರಬೇಡಿ. ಆನೆ ಎಲ್ಲಿದೆಯೆಂದು ಮೊಬೈಲಿಗೆ ಬರುವ ಸಂದೇಶವನ್ನು ಅಣ್ಣ ತಮಾಷೆ ಮಾಡುತ್ತಾನಲ್ಲ, ನನ್ನ ಈಗಿನ ತಿಳಿವಳಿಕೆಯಲ್ಲಿ ಅದು ಆನೆ ಹಿಡಿಯುವುದಕ್ಕಿಂತ ಹೆಚ್ಚು ಜೀವ ಉಳಿಸುವ ಕೆಲಸ. ಬೆಳಿಗ್ಗೆ ಹಣ್ಣು ಕೊಯ್ಯಲು ಬರುವ ಆಳುಗಳ ನಂಬರುಗಳನ್ನೂ ಅದಕ್ಕೆ ಸೇರಿಸಲು ಅವನಿಗೆ ಹೇಳಿ.

ನಿಮ್ಮಿಂದ ಒಂದು ಉಪಕಾರವಾಗಬೇಕು. ತೋಟದ ಪುಸ್ತಕದಲ್ಲಿ ಮಳೆಯ ಲೆಕ್ಕ ಬರೆಯುವಾಗ, ಆನೆ ಬಂದ ದಿನ, ಎಷ್ಟಿದ್ದವು, ಒಂಟಿ ಸಲಗವೋ ಮರಿಗಳಿರುವ ಗುಂಪೋ, ಯಾವ ಕಡೆಯಿಂದ ಬಂದು ಯಾವ ಕಡೆ ಹೋದವು ಎಂಬುದನ್ನು ಪಕ್ಕದಲ್ಲೇ ಬರೆದಿಡಿ. ಆನೆ ಬಾರದ ದಿನವನ್ನೂ "ಇಲ್ಲ" ಎಂದು ಬರೆಯಬೇಕು, ಅದನ್ನು ಬಿಟ್ಟರೆ ಲೆಕ್ಕ ಕೆಡುತ್ತದೆ. ಮುಂದಿನ ಅವಧಿಯ ಪ್ರಬಂಧಕ್ಕೆ ಅದನ್ನೇ ಬಳಸಬೇಕೆಂದಿದ್ದೇನೆ. ಪುಟಗಳ ಫೋಟೋ ತೆಗೆದು ಕಳುಹಿಸಲು ಅಣ್ಣನಿಗೆ ಹೇಳಿದರೆ ಸಾಕು.

ಇಂತಿ ನಿಮ್ಮ ಪ್ರೀತಿಯ ಮಗಳು