ಲೈಬ್ರರಿ ಹತ್ತಕ್ಕೆ, ಹಾಸ್ಟೆಲ್ ಗೇಟು ಏಳಕ್ಕೆ

ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ದಿನಾ ರಾತ್ರಿ ಎಂಟೂವರೆ ಹೊತ್ತಿಗೆ ನನ್ನ ಫೋನಿಗೆ ಹತ್ತು ಹದಿನೈದು ಫೋಟೋ ಬರುತ್ತವೆ. ಎಲ್ಲವೂ ಪುಸ್ತಕದ ಪುಟಗಳು. ಕಳಿಸುವವನು ನನ್ನ ಕ್ಲಾಸ್‌ಮೇಟ್. ಆ ಹೊತ್ತಿಗೆ ಅವನು ಕ್ಯಾಂಪಸ್ಸಿನ ದೊಡ್ಡ ಲೈಬ್ರರಿಯಲ್ಲಿರುತ್ತಾನೆ, ನಾನು ಹಾಸ್ಟೆಲ್ಲಿನ ಮಂಚದ ಮೇಲಿರುತ್ತೇನೆ. ರೆಫರೆನ್ಸ್ ಪುಸ್ತಕಗಳನ್ನು ಹೊರಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ಅವು ಇಟ್ಟಿಗೆಯಷ್ಟು ದಪ್ಪ, ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತವೆ. ಅವನು ಎಡಗೈಯಲ್ಲಿ ಪುಟ ಅದುಮಿಟ್ಟು ಬಲಗೈಯಲ್ಲಿ ಫೋಟೋ ತೆಗೆಯುತ್ತಾನೆ. ಹಾಗಾಗಿ ಪ್ರತಿ ಪುಟದ ಕೆಳಮೂಲೆಯಲ್ಲೂ ಅವನ ಹೆಬ್ಬೆರಳು ಇರುತ್ತದೆ. ಅದರಡಿ ಎರಡೋ ಮೂರೋ ಸಾಲು ಕಾಣುವುದಿಲ್ಲ. ಮತ್ತೆ ತೆಗೆದು ಕಳಿಸು ಅಂತ ಎಷ್ಟು ಸಲ ಕೇಳೋದು? ಅವನಿಗೂ ಓದುವುದಿದೆ, ಅಲ್ವಾ.

ನಾನು ನಮ್ಮ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ ಎರಡನೇ ವರ್ಷದಲ್ಲಿದ್ದೇನೆ. ವಿಷಯ ಮೈಕ್ರೋಬಯಾಲಜಿ. ವಿವಿಯ ಹೆಸರು ಬರೆಯುತ್ತಿಲ್ಲ. ಬರೆದರೆ ಮೊದಲು ಕೆಲಸ ಹೋಗುವುದು ನಮ್ಮ ಗೇಟಿನಲ್ಲಿ ಕೂರುವ ಸೆಕ್ಯುರಿಟಿ ಅಕ್ಕನದು, ಅವರದು ಗುತ್ತಿಗೆ ಕೆಲಸ. ನನ್ನ ಇಂಟರ್ನಲ್ಸ್ ಮಾರ್ಕ್ಸಿನ ಭಯವೂ ಇದೆ, ಸುಳ್ಳು ಯಾಕೆ ಹೇಳಲಿ.

ವಿಷಯ ಇಷ್ಟೇ. ನಮ್ಮ ಲೈಬ್ರರಿ ರಾತ್ರಿ 10ರ ತನಕ ತೆಗೆದಿರುತ್ತದೆ. ಲೇಡೀಸ್ ಹಾಸ್ಟೆಲ್ ಗೇಟು 7ಕ್ಕೆ ಹಾಕುತ್ತಾರೆ. ಹುಡುಗರ ಹಾಸ್ಟೆಲಿಗೂ ಒಂದು ಗೇಟಿದೆ, ಅದು ಮುಚ್ಚಿದ್ದನ್ನು ಕಂಡವರಿಲ್ಲ. ನಮ್ಮ ಕ್ಲಾಸಿನಲ್ಲಿ 34 ಜನ, ಅದರಲ್ಲಿ 23 ಹುಡುಗಿಯರು. ಲೈಬ್ರರಿಗೆ ಹತ್ತರ ತನಕ ಕರೆಂಟು ಉರಿಸುವುದು ಉಳಿದ 11 ಜನರಿಗೆ ಅಂದ ಹಾಗಾಯಿತು.

ಏಳಕ್ಕೆ ಗೇಟು ಅಂದರೆ ಏಳರ ತನಕ ಓದಬಹುದು ಅಂತಲ್ಲ. ಲೈಬ್ರರಿಯಿಂದ ಹಾಸ್ಟೆಲಿಗೆ ಬೇಗ ಬೇಗ ನಡೆದರೂ 25 ನಿಮಿಷ. ಆರೂ ಇಪ್ಪತ್ತಕ್ಕೆ ನಮ್ಮ ಮೇಜುಗಳಲ್ಲಿ ಚಡಪಡಿಕೆ ಶುರುವಾಗುತ್ತದೆ. ಒಬ್ಬಳು ಚಾರ್ಜರ್ ಕೀಳುತ್ತಾಳೆ. ಇನ್ನೊಬ್ಬಳು ಅರ್ಧ ಬರೆದ ವಾಕ್ಯ ಬಿಟ್ಟು ಬ್ಯಾಗಿನ ಟೋಕನ್ ಹುಡುಕುತ್ತಾಳೆ. ಹತ್ತು ನಿಮಿಷದಲ್ಲಿ ಓದುವ ಹಾಲ್ ಅರ್ಧಕ್ಕರ್ಧ ಖಾಲಿ. ಆಮೇಲೆ ರಸ್ತೆಯುದ್ದಕ್ಕೂ ಚಪ್ಪಲಿ ಸದ್ದು. ಯಾರೂ ಓಡುವುದಿಲ್ಲ, ಯಾರೂ ನಡೆಯುವುದೂ ಇಲ್ಲ, ಎರಡರ ನಡುವಿನ ಒಂದು ನಡಿಗೆ ನಮಗೆಲ್ಲ ರೂಢಿಯಾಗಿದೆ.

ಗೇಟಿನಲ್ಲಿ ಉದ್ದನೆಯ ರಿಜಿಸ್ಟರ್ ಇದೆ. ಪೆನ್ನು ಯಾರೂ ಒಯ್ಯದಿರಲಿ ಅಂತ ಅದಕ್ಕೆ ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿದಿದ್ದಾರೆ. ದಾರ ಗಿಡ್ಡ. ಸಹಿ ಹಾಕಬೇಕಾದರೆ ಸೊಂಟ ಬಗ್ಗಿಸಲೇಬೇಕು. ಏಳೂ ಐದಕ್ಕೆ ಬಂದರೆ ಹೆಸರಿನ ಕೆಳಗೆ ಕೆಂಪು ಗೆರೆ. ಮೂರು ಕೆಂಪು ಗೆರೆಯಾದರೆ ಮನೆಗೆ ಫೋನು. ಮನೆಗೆ ಫೋನು ಹೋದರೆ ಏನಾಗುತ್ತದೆ ಅಂತ ಹಳ್ಳಿಯಿಂದ ಬಂದ ಯಾವ ಹುಡುಗಿಯನ್ನಾದರೂ ಕೇಳಿ. ನನ್ನ ಜೊತೆ ಸೇರಿದ್ದ ಒಬ್ಬಳು ಜೆರಾಕ್ಸ್ ಅಂಗಡಿಯ ಕ್ಯೂನಲ್ಲಿ ನಿಂತು ಮೂರು ಸಲ ಲೇಟಾಗಿದ್ದಳು. ಮೂರನೇ ಸಲ ಅವಳ ಅಪ್ಪನಿಗೆ ಫೋನು ಹೋಯಿತು. ದಸರಾ ರಜೆಗೆ ಊರಿಗೆ ಹೋದವಳು ವಾಪಸ್ ಬರಲಿಲ್ಲ.

ಲೈಬ್ರರಿಯಾದರೂ ಪರವಾಗಿಲ್ಲ, ಫೋಟೋ ಬರುತ್ತದೆ. ಲ್ಯಾಬಿನ ಕೆಲಸಕ್ಕೆ ಏನು ಮಾಡುವುದು? ನನ್ನ ಪ್ರಾಜೆಕ್ಟು ಮಣ್ಣಿನಿಂದ ತೆಗೆದ ಒಂದು ಬ್ಯಾಕ್ಟೀರಿಯಾದ ಮೇಲೆ. ಅದು ಎಷ್ಟು ಬೇಗ ಬೆಳೆಯುತ್ತದೆ ಅಂತ ನೋಡಲು ಅರ್ಧ ಗಂಟೆಗೊಮ್ಮೆ ಸ್ವಲ್ಪ ದ್ರವ ತೆಗೆದು ಅದರ ಮಬ್ಬನ್ನು ಕಲರಿಮೀಟರಿನಲ್ಲಿ ಅಳೆಯಬೇಕು. ಮೊದಲು ಗಂಟೆಗಟ್ಟಲೆ ಅದು ಅಲುಗಾಡುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಏರಲು ಶುರುಮಾಡುತ್ತದೆ. ಆ ಏರಿಕೆಯೇ ಮುಖ್ಯ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದರೆ ಅದು ಸರಿಯಾಗಿ ಏರುವ ಹೊತ್ತಿಗೆ ಆರೂವರೆ. ನನ್ನ ಗ್ರಾಫು ಅಲ್ಲಿಗೆ ನಿಂತಿದೆ. ಮುಂದಿನ ಚುಕ್ಕಿಗಳೆಲ್ಲ ಲ್ಯಾಬಿನಲ್ಲಿ ಉಳಿದ ಹುಡುಗ ಅಳೆದು ಬರೆದುಕೊಟ್ಟಿದ್ದು. ಬ್ಯಾಕ್ಟೀರಿಯಾಗಳಿಗೆ ನಮ್ಮ ಹಾಸ್ಟೆಲ್ ಟೈಮಿಂಗ್ ತಿಳಿಸುವ ಸುತ್ತೋಲೆ ಇನ್ನೂ ಹೊರಟಿಲ್ಲ ಅನ್ನಿಸುತ್ತದೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಾನು ಈ ಕ್ಯಾಂಪಸ್ಸಿಗೆ ಬರಲು ಆದದ್ದೇ ಆ ಗೇಟಿನಿಂದ. ನಮ್ಮೂರಿಂದ ಪಿ.ಜಿ. ಓದಲು ಹೊರಟ ಮೊದಲ ಹುಡುಗಿ ನಾನು. ಅಪ್ಪ ಒಪ್ಪಿರಲಿಲ್ಲ. ಅಡ್ಮಿಷನ್ನಿಗೆ ಬಂದ ಅಮ್ಮ ಹಾಸ್ಟೆಲ್ ನೋಡಿ, ನಿಯಮದ ಬೋರ್ಡನ್ನು ನನ್ನಿಂದ ಓದಿಸಿಕೊಂಡು, "ಏಳಕ್ಕೇ ಬಾಗಿಲು ಹಾಕ್ತಾರಂತೆ, ಒಳ್ಳೇದಾಯ್ತು ಬಿಡು" ಅಂದಳು. ಊರಿಗೆ ಹೋಗಿ ಅಪ್ಪನಿಗೂ ಅದನ್ನೇ ಹೇಳಿ ಒಪ್ಪಿಸಿದಳು. ಗೇಟು ಕಿತ್ತು ಬಿಸಾಡಿ ಅಂತ ನಾನು ಘೋಷಣೆ ಕೂಗಿದರೆ ನನ್ನಂಥ ನಾಲ್ಕು ಹುಡುಗಿಯರ ಓದು ಮನೆಯಲ್ಲೇ ನಿಲ್ಲಬಹುದು, ಅದು ನನಗೆ ಗೊತ್ತು. ಆದರೆ ಅಮ್ಮನಿಗೆ ಗೇಟು ಯಾಕೆ ಬೇಕಾಯಿತು? ಹೊರಗೆ ಕತ್ತಲು ಅಂತ. ಅಮ್ಮನದು ತಪ್ಪಲ್ಲ. ಆ ಕತ್ತಲನ್ನು ಹಾಗೇ ಬಿಟ್ಟವರು ಯಾರು ಅನ್ನುವುದು ನನ್ನ ಪ್ರಶ್ನೆ.

ಕಳೆದ ತಿಂಗಳು ಮನೆಯವರ ಪತ್ರ ತರಿಸಿ ಔಟ್‌ಪಾಸ್ ಮಾಡಿಸಿಕೊಂಡು, ಗೆಳತಿಯ ಜೊತೆ ಎಂಟು ಗಂಟೆಗೆ ಆ ರಸ್ತೆಯಲ್ಲಿ ನಡೆದೆ. ಲೈಬ್ರರಿ ಮೆಟ್ಟಿಲಿನಿಂದ ನಮ್ಮ ಗೇಟಿನ ತನಕ ದೀಪದ ಕಂಬ ಎಣಿಸಿದೆವು. ಒಟ್ಟು 41. ಉರಿಯುತ್ತಿದ್ದದ್ದು 13. ಅದರಲ್ಲಿ ನಾಲ್ಕು ಆಡಳಿತ ಕಚೇರಿಯ ಮುಂದೆ, ಅಲ್ಲಿ ಆ ಹೊತ್ತಿಗೆ ಮನುಷ್ಯರೇ ಇರುವುದಿಲ್ಲ. ಕಚೇರಿ ದಾಟಿದ ಮೇಲೆ ನೀಲಗಿರಿ ತೋಪು. ಅಲ್ಲಿ ಸಾಲಾಗಿ ಒಂಬತ್ತು ಕಂಬ ಸತ್ತಿವೆ. ಎಡಕ್ಕೆ ಪೊದೆ, ಬಲಕ್ಕೆ ಮುರಿದ ಕಾಂಪೌಂಡು. ಊರಿನ ಬೈಕುಗಳು ಆ ಸಂದಿಯಿಂದ ನುಗ್ಗಿ ಕ್ಯಾಂಪಸ್ಸನ್ನೇ ಅಡ್ಡದಾರಿ ಮಾಡಿಕೊಂಡಿವೆ. ಮೊಬೈಲ್ ಟಾರ್ಚ್ ಹಾಕಿಕೊಂಡು ನಡೆದೆವು. ಹಾವಿಗೆ ಹೆದರಿದೆವೋ ಬೈಕಿಗೆ ಹೆದರಿದೆವೋ ಈಗಲೂ ಗೊತ್ತಿಲ್ಲ. ಎಣಿಸಿದ್ದನ್ನು ಬರೆದು ಕಚೇರಿಗೆ ಎರಡು ಅರ್ಜಿ ಕೊಟ್ಟೆವು. ಎರಡಕ್ಕೂ ಸ್ವೀಕೃತಿ ಸೀಲು ಸಿಕ್ಕಿದೆ, ಅದೂ ನೀಟಾಗಿ.

ನಮ್ಮ ವಿವಿಗಳ ಕ್ಯಾಂಪಸ್ಸುಗಳಲ್ಲಿ ಹಲವು ಹೀಗೆ ಊರ ಹೊರಗೇ ಹುಟ್ಟಿದವು. ಮೈಸೂರು ವಿವಿಯ ಮಾನಸಗಂಗೋತ್ರಿ ಕುಕ್ಕರಹಳ್ಳಿ ಕೆರೆಯ ದಡದಲ್ಲಿ, ಧಾರವಾಡದ್ದು ಗುಡ್ಡದ ಮೇಲೆ, ಮಂಗಳೂರಿನದು ಕೊಣಾಜೆಯಲ್ಲಿ, ಕುವೆಂಪು ವಿವಿ ಶಂಕರಘಟ್ಟದ ಕಾಡಿನಂಚಿನಲ್ಲಿ. ಗಾಳಿ ಬೆಳಕು ಇರಲಿ, ಮಕ್ಕಳು ಗಲಾಟೆಯಿಲ್ಲದೆ ಓದಲಿ ಅನ್ನುವ ಆಸೆ ಚೆಂದವೇ. ಹಗಲಲ್ಲಿ ನೋಡಿದರೆ ನಮ್ಮ ಕ್ಯಾಂಪಸ್ಸೂ ಚೆಂದ, ಹೂ ಬಿಡುವ ಕಾಲದಲ್ಲಂತೂ ಗುಲ್‌ಮೊಹರ್ ರಸ್ತೆಯಲ್ಲಿ ಮದುವೆ ಫೋಟೋ ತೆಗೆಸಲು ಹೊರಗಿನಿಂದ ಜೋಡಿಗಳು ಬರುತ್ತವೆ. ಸಂಜೆಯಾದರೆ ಈ ನೂರಾರು ಎಕರೆ ಹುಡುಗರಿಗೆ ಮಾತ್ರ.

2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಬಳಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ನಡೆಯಿತು. ಬೆನ್ನಿಗೇ ಮಾನಸಗಂಗೋತ್ರಿಯಲ್ಲಿ ಒಂದು ಸುತ್ತೋಲೆ ಹೊರಟಿತು. ಸಂಜೆ 6.30ರ ಮೇಲೆ ಹೆಣ್ಣುಮಕ್ಕಳು ಒಬ್ಬೊಬ್ಬರೇ ಓಡಾಡಬಾರದು ಅಂತ. ರಾಜ್ಯದಲ್ಲೆಲ್ಲ ಟೀಕೆ ಬಂದು ಹಿಂದೆ ಸರಿಯಬೇಕಾಯಿತು. ನಾನು ಆಗ ಡಿಗ್ರಿಯಲ್ಲಿದ್ದೆ. ಆ ಸುದ್ದಿ ಓದಿ, ಸದ್ಯ ಇದು ಮುಗಿಯಿತು ಅಂದುಕೊಂಡಿದ್ದೆ. ಇಲ್ಲಿ ಬಂದ ಮೇಲೆ ಗೊತ್ತಾಯಿತು, ಸುತ್ತೋಲೆ ಇಲ್ಲದೆಯೂ ಅದು ಆರಾಮಾಗಿ ನಡೆಯುತ್ತದೆ.

ನಿಮ್ಮಿಂದ ಹೊಸ ಕಾನೂನು ಕೇಳುತ್ತಿಲ್ಲ. ಇರುವುದೇ ಸಾಕು. ಕ್ಯಾಂಪಸ್ಸುಗಳಲ್ಲಿ ಲೈಂಗಿಕ ಕಿರುಕುಳ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2015ರಲ್ಲಿ ನಿಯಮಾವಳಿ ಮಾಡಿತು, 2016ರಲ್ಲಿ ಜಾರಿಗೆ ಬಂತು. ಸುರಕ್ಷತೆಯ ಹೆಸರಿನಲ್ಲಿ ಹುಡುಗರಿಗಿಲ್ಲದ ಹಾಸ್ಟೆಲ್ ನಿಯಮವನ್ನು ಹುಡುಗಿಯರ ಮೇಲೆ ಹಾಕಬಾರದು ಅಂತ ಅದು ನೇರವಾಗಿಯೇ ಹೇಳುತ್ತದೆ. ರಸ್ತೆಯಲ್ಲಿ ಸಾಕಷ್ಟು ದೀಪ ಇರಬೇಕು ಅನ್ನುತ್ತದೆ. ದೊಡ್ಡ ಕ್ಯಾಂಪಸ್ಸುಗಳಲ್ಲಿ ಹಾಸ್ಟೆಲ್, ಲೈಬ್ರರಿ, ಲ್ಯಾಬುಗಳ ನಡುವೆ ನಂಬಿಕೆಯಿಂದ ಹತ್ತಬಹುದಾದ ವಾಹನ ಇರಬೇಕು, ಹೆಣ್ಣುಮಕ್ಕಳು ಸಂಜೆ ತಡವಾಗಿಯೂ ಕೂತು ಕೆಲಸ ಮಾಡುವಂತಾಗಬೇಕು ಅಂತಲೂ ಅದರಲ್ಲಿದೆ. ಓದುವಾಗ ಯಾರೋ ನಮ್ಮ ನೀಲಗಿರಿ ತೋಪು ನೋಡಿಯೇ ಬರೆದಿದ್ದಾರೇನೋ ಅನ್ನಿಸಿತು.

ನಿಮ್ಮ ಸರ್ಕಾರಿ ಕಡತಗಳಲ್ಲೇ ಇನ್ನೊಂದು ಉದಾಹರಣೆ ಇದೆ. 2019ರ ನವೆಂಬರ್‌ನಲ್ಲಿ ಕಾರ್ಮಿಕ ಇಲಾಖೆ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ರಾತ್ರಿ ಪಾಳಿ ಮಾಡಬಹುದು ಅಂತ ಅನುಮತಿ ಕೊಟ್ಟಿತು. ಸುಮ್ನೆ ಕೊಡಲಿಲ್ಲ, ಷರತ್ತು ಹಾಕಿತು. ಮನೆಯಿಂದ ಕರೆದೊಯ್ದು ವಾಪಸ್ ಬಿಡಲು ವಾಹನ ಕೊಡಿ, ಸುರಕ್ಷತೆಯ ಏರ್ಪಾಡು ಮಾಡಿ ಅಂತ ಮಾಲೀಕರಿಗೆ ಹೇಳಿತು. ಅಂದರೆ ನನ್ನ ಅಕ್ಕ ರಾತ್ರಿ ಪಾಳಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತರೆ ಅವಳನ್ನು ಮನೆ ಮುಟ್ಟಿಸುವ ಹೊಣೆ ಮಾಲೀಕನದು. ನಾನು ರಾತ್ರಿ ಎಂಟಕ್ಕೆ ಪುಸ್ತಕದ ಮುಂದೆ ಕೂತರೆ ಹೊಣೆ ಯಾರದೂ ಅಲ್ಲ, ತಪ್ಪು ನನ್ನದು.

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಅದರಿಂದ ನಮಗಾದ ಅನುಕೂಲವನ್ನು ಯಾರು ಆಡಿಕೊಂಡರೂ ನಾನು ಒಪ್ಪುವುದಿಲ್ಲ. ಅದಿಲ್ಲದಿದ್ದರೆ ತಿಂಗಳಿಗೊಮ್ಮೆ ಊರಿಗೆ ಹೋಗುವುದು ನನ್ನ ಕೈಲಿ ಆಗುತ್ತಿರಲಿಲ್ಲ. ಸಾದಾ ಬಸ್ಸಿನಲ್ಲಿ ಚಾಮರಾಜನಗರದಿಂದ ಬೀದರಿನ ತನಕ ಶೂನ್ಯ ಟಿಕೆಟ್ ಹಿಡಿದು ಹೋಗಬಹುದು. ಲೈಬ್ರರಿಯಿಂದ ಹಾಸ್ಟೆಲಿಗೆ ಹೋಗಲು ಮಾತ್ರ ಬಸ್ಸಿಲ್ಲ.

ಹಾಗಾಗಿ ನಾನು ಕೇಳುವುದು ಹೀಗಿದೆ. ಮೊದಲು ಕಂಬಗಳು ಉರಿಯಲಿ, ಕಾಂಪೌಂಡಿನ ಸಂದಿ ಮುಚ್ಚಲಿ. ಸಂಜೆ ಏಳರಿಂದ ಹತ್ತರ ತನಕ ಅರ್ಧ ಗಂಟೆಗೊಂದು ಸಣ್ಣ ಗಾಡಿ ಲೈಬ್ರರಿ, ಲ್ಯಾಬು, ಹಾಸ್ಟೆಲ್ ಸುತ್ತಲಿ. ಹೊಸ ಗಾಡಿ ಕೊಳ್ಳಬೇಕಾಗಿಲ್ಲ. ಹಗಲೆಲ್ಲ ಅಧಿಕಾರಿಗಳನ್ನು ತಿರುಗಿಸುವ ಮಿನಿ ಬಸ್ಸು ಸಂಜೆ ಐದೂವರೆಗೆ ಶೆಡ್ಡಿನಲ್ಲಿ ನಿಲ್ಲುತ್ತದೆ, ಡ್ರೈವರಿಗೆ ಓವರ್‌ಟೈಮ್ ಕೊಟ್ಟರೆ ಆಯಿತು. ಆಮೇಲೆ ಎರಡೂ ಹಾಸ್ಟೆಲಿಗೆ ಒಂದೇ ಹೊತ್ತು ಇಡಿ. ಎಂಟಾದರೆ ಇಬ್ಬರಿಗೂ ಎಂಟು, ಹತ್ತಾದರೆ ಇಬ್ಬರಿಗೂ ಹತ್ತು. 2022ರ ಡಿಸೆಂಬರ್‌ನಲ್ಲಿ ಪಕ್ಕದ ಕೇರಳ ತನ್ನ ವೈದ್ಯಕೀಯ ಕಾಲೇಜುಗಳ ಹಾಸ್ಟೆಲಿಗೆ ಇದನ್ನೇ ಮಾಡಿತು. ಗಂಡು ಹೆಣ್ಣು ಇಬ್ಬರಿಗೂ ರಾತ್ರಿ 9.30. ಎಂಟಕ್ಕೇ ಮುಚ್ಚಿದರೆ ಹುಡುಗರು ಒಂದು ವಾರದಲ್ಲಿ ಕುಲಪತಿಗಳ ಕೋಣೆ ಮುಂದೆ ಕೂರುತ್ತಾರೆ. ಆಗ ಗಾಡಿಯೂ ಬರುತ್ತದೆ, ದೀಪವೂ ಬರುತ್ತದೆ ಅನ್ನುವುದು ನನ್ನ ಗೆಳತಿಯ ಲೆಕ್ಕಾಚಾರ. ಅವಳು ರಾಜ್ಯಶಾಸ್ತ್ರದವಳು.

ಇದು ವಿವಿಯ ಒಳಗಿನ ವಿಷಯ, ಸಚಿವರಿಗೆ ಯಾಕೆ ಬರೆದೆ ಅಂತ ನೀವು ಕೇಳಬಹುದು. 2000ದ ವಿಶ್ವವಿದ್ಯಾಲಯ ಕಾಯ್ದೆಯ ಪ್ರಕಾರ ರಾಜ್ಯಪಾಲರು ಕುಲಾಧಿಪತಿಗಳು, ನೀವು ಸಮಕುಲಾಧಿಪತಿಗಳು. ನಮ್ಮ ಮಾರ್ಕ್ಸ್ ಕಾರ್ಡಿನ ಮೇಲಿರುವ ವಿವಿಗಳಿಗೆಲ್ಲ ನೀವೂ ಹಿರಿಯರು. ಅಲ್ಲದೆ ಇಲ್ಲಿ ಕೇಳಿದರೆ ಎಲ್ಲರೂ ಮೇಲೆ ಕೈ ತೋರಿಸುತ್ತಾರೆ. ನಮ್ಮ ವಾರ್ಡನ್ ಮೇಡಂ ಒಳ್ಳೆಯವರು. ಹಗಲು ಪಾಠ, ರಾತ್ರಿ ಹಾಸ್ಟೆಲ್, ನಡುವೆ ಮೆಸ್ಸಿನ ಲೆಕ್ಕ, ಎಲ್ಲ ಅವರ ತಲೆ ಮೇಲೇ ಇದೆ. ಒಂದು ದಿನ ಅವರೇ ಹೇಳಿದರು, "ನಿಮ್ಮನ್ನ ಹೊರಗೆ ಬಿಟ್ಟು ಏನಾದ್ರೂ ಆದ್ರೆ ಮೊದಲು ನೋಟಿಸು ಬರೋದು ನನಗೆ ಕಣಮ್ಮ. ದೀಪ ಹಾಕ್ಸದೇ ಇದ್ದೋರಿಗಲ್ಲ." ಆ ಮಾತು ಕೇಳಿದ ಮೇಲೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಿಲ್ಲ.

ನೋಡಲು ಬರುವ ಮನಸ್ಸಿದ್ದರೆ ದಯವಿಟ್ಟು ಹೇಳದೆ ಬನ್ನಿ. ಹೇಳಿ ಬಂದರೆ ಏನಾಗುತ್ತದೆ ಅಂತ ಕಳೆದ ಘಟಿಕೋತ್ಸವದಲ್ಲಿ ನೋಡಿದ್ದೇವೆ. ಹಿಂದಿನ ದಿನ ಬೆಳಿಗ್ಗೆ ಏಣಿ ಗಾಡಿ ಬಂತು. ಕಲ್ಲುಗಳಿಗೆ ಸುಣ್ಣ ಬಿತ್ತು, ಪೊದೆ ಕಡಿದರು. ಸಂಜೆ ಅಷ್ಟೂ ಕಂಬ ಉರಿದವು. ನೀಲಗಿರಿ ತೋಪಿನ ಎಲೆಗಳ ನೆರಳು ರಸ್ತೆ ಮೇಲೆ ಬಿದ್ದದ್ದನ್ನು ನಾನು ಮೊದಲ ಸಲ ಕಂಡದ್ದು ಅವತ್ತು, ಅದೂ ಹಾಸ್ಟೆಲ್ ಮಹಡಿಯ ಮೇಲಿನಿಂದ. ಗೇಟನ್ನು ಅವತ್ತೂ ಏಳಕ್ಕೇ ಹಾಕಿದ್ದರು.

ಇಂತಿ,
ಎಂ.ಎಸ್ಸಿ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿ