ಜಗಳ ಆಡುವ ಪ್ರಕಾಶಕನಿಗೇ ಕೊಡು

ಪುಟ್ಟಿ,

ನಿನ್ನ ವಾಟ್ಸಾಪ್ ಮೆಸೇಜು ಓದಿದೆ. ಅಲ್ಲೇ ಉತ್ತರ ಬರೆಯೋಣ ಅಂತ ಶುರು ಮಾಡಿ, ಹೆಬ್ಬೆರಳು ನೋಯ್ತಾ ಬಂತು, ಬಿಟ್ಟೆ. ಅದಕ್ಕೇ ಈ ಕಾಗದ.

ನೀನು ಕೇಳಿದ್ದು ಇಷ್ಟು, ನಿನ್ನ ಕವನಗಳನ್ನೂ ನಾಟಕವನ್ನೂ ಅಚ್ಚಿಗೆ ಯಾರಿಗೆ ಕೊಡಲಿ ಅಂತ. ಬೆಂಗಳೂರಿನ ಪ್ರಕಾಶಕರೊಬ್ಬರು, ನೀನು ದುಡ್ಡು ಕಟ್ಟಿದರೆ ಒಂದೇ ತಿಂಗಳಲ್ಲಿ ಪುಸ್ತಕ ಕೈಗೆ ಕೊಡುತ್ತೇವೆ ಅನ್ನುತ್ತಿದ್ದಾರೆ. ಇನ್ನೊಂದು ಕಡೆ ಮೈಸೂರಿನಲ್ಲೇ ಗಂಡ ಹೆಂಡತಿ ಮನೆಯ ಮುಂದಿನ ರೂಮಿನಲ್ಲಿ ನಡೆಸುವ ಪುಟ್ಟ ಪ್ರಕಾಶನ, ನಿನ್ನ ಕವನಗಳಲ್ಲಿ ಆರನ್ನು ವಾಪಸ್ ಕಳಿಸಿ, ನಾಟಕದ ಮೂರನೇ ದೃಶ್ಯದ ಪಕ್ಕ ಪೆನ್ಸಿಲ್‌ನಲ್ಲಿ "ಇವಳು ಯಾಕೆ ಇಷ್ಟು ಮಾತಾಡುತ್ತಾಳೆ?" ಅಂತ ಬರೆದಿದ್ದಾರೆ. ನಿನಗೆ ಬೇಜಾರಾಗಿದೆ. ನನಗೆ ಮಾತ್ರ ಓದಿ ಖುಷಿಯಾಯ್ತು ಕಣೇ. ಅವರು ಓದಿದ್ದಾರೆ! ಅಷ್ಟು ಸಾಕು, ಅವರಿಗೇ ಕೊಡು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, 1984ರಲ್ಲಿ ನನ್ನದೂ ಒಂದು ಕವನ ಸಂಕಲನ ಬಂದಿತ್ತು. ನಿನಗೆ ಗೊತ್ತಿರಲಿಕ್ಕಿಲ್ಲ, ಮನೆಯಲ್ಲಿ ಆ ಮಾತು ಎತ್ತುವುದಿಲ್ಲ. ಪ್ರಕಾಶಕರು ಕಟ್ಟಿನ ದಾರ ಬಿಚ್ಚದೆಯೇ "ತುಂಬಾ ಚೆನ್ನಾಗಿದೆ" ಅಂದರು. ನಾನು ಆಗ ಅಗ್ರಹಾರದ ಒಂದು ಪ್ರೆಸ್ಸಿನಲ್ಲಿ ಊರವರ ಪುಸ್ತಕಗಳಿಗೆಲ್ಲ ಕರಡು ತಿದ್ದುತ್ತಿದ್ದವನು. ನನ್ನ ಪುಸ್ತಕಕ್ಕೆ ಮಾತ್ರ "ನೀವು ತಲೆ ಕೆಡಿಸಿಕೊಳ್ಳಬೇಡಿ, ನಾವು ನೋಡಿಕೊಳ್ಳುತ್ತೇವೆ" ಅಂದದ್ದಕ್ಕೆ ಸುಮ್ನೆ ಇದ್ದುಬಿಟ್ಟೆ. ಪುಸ್ತಕ ಬಂತು, ಹಂಚಿದೆ, ಎಲ್ಲರೂ ಹೊಗಳಿದರು. ಆರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೋಡುತ್ತೇನೆ, ಒಂದೇ ಕವನ ಎರಡು ಸಲ ಅಚ್ಚಾಗಿದೆ! 23ನೇ ಪುಟದಲ್ಲಿ ಒಮ್ಮೆ, 61ನೇ ಪುಟದಲ್ಲಿ ಮತ್ತೊಮ್ಮೆ. ಪ್ರಕಾಶಕರೂ ಓದಿರಲಿಲ್ಲ, ಹೊಗಳಿದವರೂ ಓದಿರಲಿಲ್ಲ. ಉಳಿದ ಕಟ್ಟುಗಳು ಮಂಡ್ಯದ ಮನೆಯ ಮಂಚದ ಕೆಳಗೆ ಇದ್ದವು. ಕೊನೆಗೆ ಪೂರ್ತಿ ಓದಿದ್ದು ಗೆದ್ದಲು.

ದುಡ್ಡು ಕೊಟ್ಟು ಅಚ್ಚು ಹಾಕಿಸುವುದು ತಪ್ಪು ಅಂತಲ್ಲ. ನಮ್ಮ ಮಂಡ್ಯದ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ಏನು ಮಾಡುತ್ತಾರೆ? ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟುತ್ತಾರೆ, ದುರ್ಯೋಧನ ಆಗಬೇಕು ಅಂದರೆ ಜಾಸ್ತಿ. ಡ್ರಾಮಾ ಸೀನರಿಗೆ, ಹಾರ್ಮೋನಿಯಂ ಮೇಷ್ಟ್ರಿಗೆ ಖರ್ಚಿಲ್ಲವಾ ಮತ್ತೆ? ಬೆಳಗಿನ ಜಾವದವರೆಗೆ ಗದೆ ಹಿಡಿದು ಹಾಡಿ ಖುಷಿಪಟ್ಟು ಮನೆಗೆ ಹೋಗುತ್ತಾರೆ. ನನ್ನನ್ನು ರಂಗಭೂಮಿಯವರು ಆರಿಸಿದರು ಅಂತ ಯಾರೂ ಹೇಳಿಕೊಂಡು ತಿರುಗುವುದಿಲ್ಲ. ನೀನೂ ಹಾಗೆ ತಿಳಿದು ಬೆಂಗಳೂರಿನವರಿಗೆ ದುಡ್ಡು ಕೊಟ್ಟರೆ ನನ್ನದೇನೂ ತಕರಾರಿಲ್ಲ.

ಚಿಕ್ಕ ಪ್ರಕಾಶನ ಅಂದರೆ ಮೂಗು ಮುರಿಯಬೇಡ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದದ್ದು, ನಡೆಸಿದವರು ಜಿ.ಬಿ. ಜೋಶಿ. ಅವರೇ ಜಡಭರತ ಅನ್ನುವ ಹೆಸರಿನಲ್ಲಿ ನಾಟಕ ಬರೆಯುತ್ತಿದ್ದವರು. ಜೊತೆಗೆ ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರು ಸಲಹೆಗಾರರಾಗಿ ಇದ್ದರು. ಆಫೀಸು ಅಂದರೆ ಒಂದು ಅಟ್ಟ. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಅಲ್ಲಿಂದಲೇ ಬಂತು. ಆಗ ಅವರು ಇಪ್ಪತ್ತಮೂರರ ಆಸುಪಾಸಿನ ಹುಡುಗ, ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದರು. ನಮ್ಮ ಮೈಸೂರಿನವರೇ ಆದ ಎ.ಕೆ. ರಾಮಾನುಜನ್ ಅವರ ಮೊದಲ ಕನ್ನಡ ಕವನ ಸಂಕಲನವೂ 1969ರಲ್ಲಿ ಅದೇ ಅಟ್ಟದಿಂದ ಬಂತು. ಒಬ್ಬರದು ಮೊದಲ ನಾಟಕ, ಇನ್ನೊಬ್ಬರದು ಮೊದಲ ಕನ್ನಡ ಸಂಕಲನ. ಹೆಸರು ನೋಡಿ ಹಾಕಿದ್ದಲ್ಲ, ಓದಿ ಹಾಕಿದ್ದು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು ಒಂದು ಹಳ್ಳಿಯಲ್ಲಿ ಕೂತು ನೀನಾಸಮ್ ನಾಟಕ ಸಂಸ್ಥೆಯ ಜೊತೆಗೆ ಅಕ್ಷರ ಪ್ರಕಾಶನವನ್ನೂ ನಡೆಸಿದರು. ನಾಟಕ ಆಡುವವರೂ ನಾಟಕ ಅಚ್ಚು ಹಾಕುವವರೂ ಒಂದೇ ಊರಿನಲ್ಲಿ ಇದ್ದರೆ ಮಾತಿನ ಉದ್ದ ಎಷ್ಟಿರಬೇಕು ಅಂತ ಬೇಗ ಗೊತ್ತಾಗುತ್ತದೆ, ಅಲ್ವಾ?

ಈಗ ನೀನು ಕವನ, ನಾಟಕ ಎರಡನ್ನೂ ಒಂದೇ ಪುಸ್ತಕದಲ್ಲಿ ಹಾಕಿ ಅಂತ ಅವರನ್ನು ಕೇಳಿದ್ದೀಯಲ್ಲ, ಅದು ಬೇಡ. ಕವನದ ಪುಸ್ತಕ ತಲೆದಿಂಬಿನ ಪಕ್ಕ ಇರುತ್ತದೆ. ನಾಟಕದ ಪುಸ್ತಕ ನಟನ ಪ್ಯಾಂಟಿನ ಜೇಬಿನಲ್ಲಿ ಮಡಿಸಿಕೊಂಡು ಓಡಾಡುತ್ತದೆ, ಅದರ ಮೇಲೆ ಟೀ ಚೆಲ್ಲುತ್ತದೆ, ಬೇರೆಯವರ ಮಾತಿಗೆಲ್ಲ ಗೀಟು ಬೀಳುತ್ತದೆ. ಎರಡಕ್ಕೂ ಒಂದೇ ಬೈಂಡಿಂಗ್ ಹೊಂದುವುದಿಲ್ಲ. ಮೊದಲು ಕವನ ಬರಲಿ. ನಾಟಕವನ್ನು ಐದಾರು ಜನ ಗೆಳತಿಯರನ್ನು ಮನೆಗೆ ಕರೆದು, ಉಪ್ಪಿಟ್ಟು ಕೊಟ್ಟು, ಜೋರಾಗಿ ಓದಿಸು. ನೀನು ಬಾಯಿ ಬಿಡಬೇಡ. ಮೂರನೇ ದೃಶ್ಯದಲ್ಲಿ ಯಾರಾದರೂ ಫೋನ್ ನೋಡಿದರೆ ಪೆನ್ಸಿಲ್ಲಿನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಆದರೆ ಆಡಿದ ಮೇಲೆ ಅಚ್ಚು ಹಾಕಿಸದೆ ಬಿಡಬೇಡ. ನಾಟಕಕಾರ ಸಂಸರ ಕಥೆ ಕೇಳಿದ್ದೀಯಲ್ಲ, ಮೈಸೂರು ಅರಸರ ಮೇಲೆ ಇಪ್ಪತ್ತಕ್ಕೂ ಹೆಚ್ಚು ನಾಟಕ ಬರೆದರು ಅನ್ನುತ್ತಾರೆ, ನಮ್ಮ ಕೈಗೆ ಸಿಕ್ಕಿರುವುದು ಆರೇ. 1939ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಮೇಲುಕೋಟೆಯ ಕವಿ ಪುತಿನ ಅವರ ಗೀತನಾಟಕದ ವಿಷಯ ಬೇರೆ. 'ಗೋಕುಲ ನಿರ್ಗಮನ' ಪುಸ್ತಕವಾಗಿ ಎಷ್ಟೋ ದಶಕ ಕಾದು ಕೂತಿತ್ತು, ಆಮೇಲೆ ಬಿ.ವಿ. ಕಾರಂತರು ಅದಕ್ಕೆ ರಾಗ ಹಾಕಿ ರಂಗಕ್ಕೆ ತಂದರು. ಪುಸ್ತಕ ಇದ್ದದ್ದಕ್ಕೆ ತಾನೇ ಕಾಯೋಕಾದದ್ದು?

ಒಪ್ಪಂದದ ಕಾಗದ ಕೊಟ್ಟರೆ ಕಾಫಿ ಕುಡಿಯುತ್ತಾ ಸಹಿ ಹಾಕಿಬಿಡಬೇಡ, ಮನೆಗೆ ತಂದು ಓದು. ಪುಸ್ತಕ ಅಚ್ಚು ಹಾಕುವ ಹಕ್ಕು ಬೇರೆ, ನಾಟಕ ಆಡಿಸುವ ಹಕ್ಕು ಬೇರೆ. ಎರಡನೆಯದು ನಿನ್ನ ಹತ್ತಿರವೇ ಇರಲಿ ಅಂತ ಬರೆಸು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲೇ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಒಳ್ಳೆಯವರು, ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಬೇಡ. ಒಳ್ಳೆಯವರು ಏನೂ ಅಂದುಕೊಳ್ಳುವುದಿಲ್ಲ.

ಮತ್ತೆ ಫಾರಂ ಲೆಕ್ಕ, ಅಂದರೆ ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು. ಡೆಮಿ ಸೈಜಿನಲ್ಲಿ ಒಂದು ಫಾರಂ ಅಂದರೆ 16 ಪುಟ, ಐದು ಫಾರಂ ಅಂದರೆ 80. ನಿನ್ನದು 83 ಪುಟ ಆದರೆ ಅವರು ಮೂರು ಪುಟ ತೆಗೆಯಿರಿ ಅನ್ನುತ್ತಾರೆ. ತೆಗೆ. ಆರನೇ ಫಾರಂ ತುಂಬಿಸೋಕೆ ಅಂತ ಕಾಲೇಜು ದಿನದ ಕವನಗಳನ್ನು ಹುಡುಕಬೇಡ.

ಕರಡನ್ನು ನೀನೇ ನೋಡು. ಕಂಪ್ಯೂಟರಿನಲ್ಲಿ ನುಡಿ ಅನ್ನುವ ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ಹಾಕುವಾಗ ಅರ್ಕಾವತ್ತು ಎಡವಟ್ಟಾಗಿ 'ಸೂರ್ಯ' ಹೋಗಿ 'ಸೂಯರ್' ಆಗಿರುತ್ತದೆ, ಕಣ್ಣು ಜಾರಿಹೋಗುತ್ತದೆ. ಅದಕ್ಕಿಂತ ಜಾಸ್ತಿ ಸಾಲು ಮುರಿಯುವ ಜಾಗ ನೋಡು. ಸೀಸದ ಅಕ್ಷರಗಳ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ನಮ್ಮ ಪ್ರೆಸ್ಸಿಗೆ ಮಳವಳ್ಳಿ ಕಡೆಯ ಮೇಷ್ಟ್ರೊಬ್ಬರ ಕವನ ಬಂದಿತ್ತು. ಒಂದು ಸಾಲು ಅಳತೆಗೆ ಹಿಡಿಸದೆ ಕೊನೆಯ 'ಸುಮ್ಮನೆ' ಅನ್ನುವ ಪದವನ್ನು ಕೆಳಗೆ ಇಳಿಸಿದ್ದೆವು. ಅವರು ಕರಡು ಹಿಡಿದುಕೊಂಡು ತುಂಬಾ ಹೊತ್ತು ನಿಂತರು. ಆಮೇಲೆ ಮೆತ್ತಗೆ, "ಈ ಪದ ಕೆಳಗೆ ಬಿದ್ದುಬಿಟ್ಟಿದೆಯಲ್ಲಪ್ಪ, ಪೆಟ್ಟಾಯ್ತೇನೋ" ಅಂದರು. ನಮಗೆ ನಗು. ನಮ್ಮ ಯಜಮಾನರು ಮಾತ್ರ ನಗಲಿಲ್ಲ. ಅವತ್ತು ರಾತ್ರಿ ಆ ಪುಟ ಪೂರ್ತಿ ಬಿಚ್ಚಿ, ಸಣ್ಣ ಮೊಳೆಯಲ್ಲಿ ಮತ್ತೆ ಜೋಡಿಸಿದರು. ಆ ಪುಸ್ತಕ ಎಷ್ಟು ಮಾರಾಟವಾಯ್ತೋ ನೆನಪಿಲ್ಲ, ಜಾಸ್ತಿ ಇರಲಾರದು.

ವಾಪಸ್ ಬಂದ ಆರು ಕವನ ನನಗೆ ಕಳಿಸು. ನಾಲ್ಕು ಬಿಡಬಹುದು ಅಂತ ಈಗಲೇ ಅನ್ನಿಸುತ್ತಿದೆ, ನಿನ್ನ ಅಜ್ಜಿಯ ಎಲೆಡಿಕೆ ಡಬ್ಬಿಯ ಮೇಲೆ ಬರೆದದ್ದು ಇದ್ದರೆ ಅದಕ್ಕೆ ನೀನು ಜಗಳ ಆಡಲೇಬೇಕು. ಕರಡು ಬಂದಾಗಲೂ ಒಂದು ಪ್ರತಿ ಕಳಿಸು. ಪಿಡಿಎಫ್ ಬೇಡ, ಕಾಗದದ ಮೇಲೆ. ಕೆಂಪು ಇಂಕಿನ ಪೆನ್ನು ತಂದಿಟ್ಟುಕೊಂಡಿದ್ದೇನೆ. ಈ ಸಲ ಎರಡು ಸಲ ಅಚ್ಚಾದ ಕವನ ಇದೆಯಾ ಅಂತ ಮೊದಲು ನೋಡುತ್ತೇನೆ.

ನಿನ್ನ
ದೊಡ್ಡಪ್ಪ
ಮಂಡ್ಯ