ದೊಡ್ಡಪ್ಪನ ಶೂ ಆಮೇಲೆ, ಮೊದಲು ಕಾಗದಪತ್ರ

ಮಾನ್ಯ ಸಂಪಾದಕರೇ,

ಕರಾವಳಿಯ ಕ್ರೈಸ್ತ ಸಭೆಗಳಿಂದ ಜರ್ಮನಿಗೆ ಒಂದು ವರ್ಷದ ಸ್ವಯಂಸೇವೆಗೆ ಹೋದ ಮಕ್ಕಳು ಮರಳುವ ಹೊತ್ತಾಯಿತೆಂದರೆ ಮನೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಪಟ್ಟಿ ಹೋಗುತ್ತದೆ: ಚಾಕಲೇಟು, ಸೆಂಟು, ದೊಡ್ಡಪ್ಪನಿಗೆ ಶೂ. ಈ ಪಟ್ಟಿ ದಯವಿಟ್ಟು ನಿಲ್ಲಲಿ. ಕೊನೆಯ ಆರು ವಾರ ಅಂಗಡಿ ಸುತ್ತಲು ಪುರುಸೊತ್ತು ಇರುವುದಿಲ್ಲ.

ಮೊದಲು ನೋಡಬೇಕಾದ್ದು ವಾಸದ ಪರವಾನಗಿ ಕಾರ್ಡಿನ ಕೊನೆಯ ದಿನಾಂಕ. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ಒಂದೇ ದಿನ ದಾಟಿದ ಟಿಕೆಟ್ ಮಾಡಿಸಿದರೂ ಮುಂದಿನ ವೀಸಾಕ್ಕೆ ತೊಡಕು. ನಗರ ಕಚೇರಿಯಲ್ಲಿ ವಾಸದ ನೋಂದಣಿ ರದ್ದು ಮಾಡಿಸುವುದಕ್ಕೆ ‘ಆಬ್‌ಮೆಲ್ಡುಂಗ್’ ಎನ್ನುತ್ತಾರೆ. ಹೊರಡಲು ಒಂದು ವಾರ ಇರುವಾಗಿನಿಂದ ಅದನ್ನು ಮಾಡಿಸಬಹುದು, ಅದಕ್ಕೂ ಮೊದಲು ಹೋದರೆ ವಾಪಸ್ ಕಳಿಸುತ್ತಾರೆ. ಅಲ್ಲಿ ಕೊಡುವ ಚೀಟಿಯ ಎರಡು ಪ್ರತಿ ಇರಲಿ. ಸ್ವಂತ ಹೆಸರಿನಲ್ಲಿ ರೇಡಿಯೊ-ಟಿವಿ ಶುಲ್ಕ ಕಟ್ಟುತ್ತಿದ್ದರೆ ಅದನ್ನು ಬೇರೆಯೇ ಬರೆದು ನಿಲ್ಲಿಸಬೇಕು, ತಾನಾಗಿ ನಿಲ್ಲುವುದಿಲ್ಲ.

ಹೆಚ್ಚಿನವರು ಎಡವುವುದು ಬ್ಯಾಂಕಿನಲ್ಲಿ. ಬಸ್ಸು-ರೈಲಿನ ಮಾಸಿಕ ‘ಡಾಯ್ಚ್‌ಲಾಂಡ್ ಟಿಕೆಟ್’ ಆ ತಿಂಗಳ ಕೊನೆಗೆ ಮುಗಿಯಬೇಕಿದ್ದರೆ 10ನೇ ತಾರೀಕಿನೊಳಗೆ ರದ್ದು ಮಾಡಬೇಕು. 11ಕ್ಕೆ ನೆನಪಾದರೆ ಇನ್ನೊಂದು ತಿಂಗಳ ಹಣ ಹೋಯಿತು. ಅದು ಗೊತ್ತಿಲ್ಲದೆ ಖಾತೆ ಮುಚ್ಚಿ ಬಂದರೆ ಹಣ ಎಳೆಯಲಾಗದೆ ದಂಡದ ನೋಟಿಸು ಹಳೆಯ ವಿಳಾಸಕ್ಕೆ ಹೋಗುತ್ತದೆ. ಅದನ್ನು ಒಡೆದು ನೋಡುವುದು ಅದೇ ಕೋಣೆಗೆ ಬಂದ ಮುಂದಿನ ಸ್ವಯಂಸೇವಕ! ಕೊನೆಯ ಕೈಖರ್ಚಿನ ಹಣ ಬಂದು, ಫೋನಿನದ್ದೂ ಕಡಿತವಾದ ಮೇಲೆಯೇ ಖಾತೆ ಮುಚ್ಚಲಿ. ಕೋಣೆಯ ಮೂಲೆಯಲ್ಲಿ ಸೇರಿದ ಪ್ಲಾಸ್ಟಿಕ್ ಬಾಟಲಿಗಳನ್ನೂ ಎಸೆಯಬೇಡಿ. ಠೇವಣಿ ಗುರುತು ಇದ್ದರೆ ಅಂಗಡಿಯ ಯಂತ್ರ ಒಂದಕ್ಕೆ 25 ಸೆಂಟ್ ಕೊಡುತ್ತದೆ.

ಸೇವಾ ಪ್ರಮಾಣಪತ್ರವನ್ನು ಆರು ವಾರ ಮೊದಲೇ ಕೇಳಬೇಕು, ಬೇಸಿಗೆಯಲ್ಲಿ ಮೇಲ್ವಿಚಾರಕರು ರಜೆಗೆ ಹೋಗಿಬಿಡುತ್ತಾರೆ. ಯಾವ ವಿಭಾಗ, ವಾರಕ್ಕೆ ಎಷ್ಟು ಗಂಟೆ, ಏನು ಕೆಲಸ ಎಂದು ಅದರಲ್ಲಿ ಇರಲಿ. ಬರೇ ‘ಒಳ್ಳೆಯ ಹುಡುಗಿ’ ಎಂದು ಬರೆದುಕೊಟ್ಟರೆ ಇಲ್ಲಿ ಕೆಲಸ ಕೇಳುವಾಗ ಉಪಯೋಗಕ್ಕಿಲ್ಲ.

ವೃದ್ಧಾಶ್ರಮದಲ್ಲಿ ಸೇವೆಗಿರುವ ನಮ್ಮ ಮಕ್ಕಳು ಒಬ್ಬೊಬ್ಬ ಹಿರಿಯರಿಗೆ ಒಂದೊಂದು ಹಾಳೆ ಬರೆದು ವಿಭಾಗದ ಕಡತದಲ್ಲಿ ಇಟ್ಟು ಬರಬೇಕು. ಶ್ರವಣ ಸಾಧನದ ಕೆಂಪು ಗುರುತು ಬಲಗಿವಿಗೆ, ನೀಲಿ ಎಡಕ್ಕೆ ಎಂಬಷ್ಟು ಸಣ್ಣ ವಿಷಯವನ್ನೂ ಬರೆಯಿರಿ. ನುಂಗಲು ಕಷ್ಟವಿರುವವರ ಚಹಾಕ್ಕೆ ಗಟ್ಟಿ ಮಾಡುವ ಪುಡಿ ಎಷ್ಟು ಅಳತೆ ಚಮಚ, ಕಲಸಿ ಎಷ್ಟು ಹೊತ್ತು ಬಿಡಬೇಕು ಎಂಬುದಂತೂ ಬೇಕೇ ಬೇಕು. ಹೊಸಬರು ಕಾಯದೆ, ಇನ್ನೂ ನೀರಾಗಿದೆಯಲ್ಲ ಎಂದು ಮತ್ತೊಂದು ಚಮಚ ಹಾಕುತ್ತಾರೆ. ಬಾಯಿಗೆ ಹಿಡಿಯುವಾಗ ಅದು ಹಿಟ್ಟಿನ ಮುದ್ದೆ. ಮರೆವಿನ ಕಾಯಿಲೆಯವರಿಗೆ ಹೊರಡುವ ಸುದ್ದಿಯನ್ನು ತಿಂಗಳ ಮೊದಲು ಹೇಳಿದರೆ ದಿನವೂ ಹೊಸದಾಗಿ ಕೇಳಿದಂತೆ ಸಂಕಟಪಡುತ್ತಾರೆ, ಕೊನೆಯ ಎರಡು ದಿನ ಸಾಕು. ಕಿಂಡರ್‌ಗಾರ್ಟನ್ ಮಕ್ಕಳದ್ದು ತಿರುಗುಮುರುಗು. ಎರಡು ವಾರ ಮೊದಲೇ ದಾರಕ್ಕೆ ಹತ್ತು ಕಾಗದದ ಮೀನು ಕಟ್ಟಿ, ಶಾಲೆಯ ದಿನಕ್ಕೊಂದು ಕತ್ತರಿಸಿದರೆ ಅವರಿಗೆ ಲೆಕ್ಕ ಸಿಗುತ್ತದೆ. ‘ಮತ್ತೆ ಬರುತ್ತೇನೆ’ ಎಂದು ಯಾರಿಗೂ ಮಾತು ಕೊಡಬಾರದು.

ಇನ್ನು ಪೆಟ್ಟಿಗೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚಾಕು ಕೈಚೀಲದಲ್ಲಿ ಇರಲೇಬಾರದು. ಬೆಂಗಳೂರಿನಲ್ಲಿ ಇಳಿದು ಬೇರೆ ಟಿಕೆಟಿನಲ್ಲಿ ಬಜ್ಪೆಗೆ ಹಾರುವುದಾದರೆ ಒಳನಾಡಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ. ಫ್ರಾಂಕ್‌ಫರ್ಟ್‌ನಲ್ಲಿ ಸುಮ್ಮನೆ ಬಿಟ್ಟ 23 ಕಿಲೋಕ್ಕೆ ಇಲ್ಲಿ ದುಡ್ಡು ಕೇಳುತ್ತಾರೆ. ಒಂದೇ ಟಿಕೆಟ್ ಮಾಡಿಸಿ, ಇಲ್ಲವೇ ರಾತ್ರಿ ರೈಲು ಹಿಡಿಯಿರಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಬಸ್ಸನ್ನು ನಂಬುವಂತಿಲ್ಲ.

ಸಭಾಪಾಲಕರಲ್ಲೂ ಒಂದು ವಿನಂತಿ. 1834ರಲ್ಲಿ ಬಾಸೆಲ್ ಮಿಷನ್‌ನವರು ಬಂದಿಳಿದ ಊರು ನಮ್ಮದು, ಆಚೆಯಿಂದ ಬಂದವರ ಅನುಭವ ಕೇಳುವ ಆಸೆ ಸಹಜ. ಆದರೆ ಬಂದ ಮೊದಲ ಭಾನುವಾರವೇ ಅವರನ್ನು ಪರದೆಯ ಮುಂದೆ ನಿಲ್ಲಿಸಿ ಫೋಟೊ ತೋರಿಸಲು ಹೇಳಬೇಡಿ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಮಾಹಿತಿ ರಕ್ಷಣೆಯ ನಿಯಮದ ಪ್ರಕಾರ ಅಲ್ಲಿನ ಹಿರಿಯರ, ಮಕ್ಕಳ ಮುಖ ತೋರಿಸಲು ಅವರ ಅಥವಾ ಮನೆಯವರ ಒಪ್ಪಿಗೆ ಬೇಕು. ಅದನ್ನು ಅಲ್ಲಿರುವಾಗಲೇ ಬರಹದಲ್ಲಿ ಪಡೆಯಬೇಕು. ಪಡೆಯದಿದ್ದರೆ ಅಡುಗೆಮನೆ, ತೋಟ, ಬೆಳಗಿನ ಮೇಜಿನ ಮೇಲಿನ ಬ್ರೆಡ್ಡು, ಇಷ್ಟನ್ನೇ ತೋರಿಸಲಿ.

— ಯುವಜನರನ್ನು ಸೇವೆಗೆ ಕಳಿಸುವ ಕೆಲಸದಲ್ಲಿರುವ ಸಭಾ ಸದಸ್ಯರು, ಬಲ್ಮಠ, ಮಂಗಳೂರು